ಯಜಮಾನನನ್ನು ಗುರುತಿಸುವ ಯಂತ್ರ

ರಿಪೇರಿ ರಾಯರಿಗೆ ಕಥೆಪುಸ್ತಕಗಳ ವಿಜ್ಞಾನಿಗಳ ಮೇಲೆ ಭಯಂಕರ ಸಿಟ್ಟು. ತಮ್ಮ ಮಿಕ್ಸಿ, ಫ್ಯಾನು ರಿಪೇರಿ ಅಂಗಡಿಗೆ ಗಿರಾಕಿಗಳು ಬಾರದಾಗ (ಅಂದರೆ ಸಾಮಾನ್ಯವಾಗಿ ದಿನವಿಡೀ) ಅವರು ಓದುತ್ತಿದ್ದುದು ಅಂಥ ಕಥೆಗಳನ್ನೇ. ಎಲ್ಲದರಲ್ಲೂ ಅದೇ ಗೋಳು: ವಿಜ್ಞಾನಿ ಊಟ ನಿದ್ದೆ ಬಿಟ್ಟು ಯಂತ್ರಮಾನವನನ್ನು ಕಟ್ಟುತ್ತಾನೆ, ಕೊನೆಯ ಪುಟದಲ್ಲಿ ಅದು ಅವನ ಕತ್ತನ್ನೇ ಹಿಸುಕುತ್ತದೆ.

“ಲಗಾಮಿಲ್ಲದ ಕುದುರೆ ಇನ್ನೇನು ಮಾಡತ್ತೆ? ನಾನು ಕಟ್ತೀನಿ ನೋಡು, ಲಗಾಮು ಸಮೇತ!” ಎಂದು ಮನೆಯಲ್ಲಿ ಘೋಷಿಸಿದರು.

“ಆ ವಿಜ್ಞಾನಿಗಳಿಗೆ ಹೆಂಡ್ತಿ ಇರ್ತಾಳೇನ್ರೀ?” ಹೆಂಡತಿ ಕೇಳಿದಳು.

“ಒಬ್ಬನಿಗೂ ಇಲ್ಲ.”

“ಅದಕ್ಕೇ ಕೆಟ್ಟಿದ್ದು.”

ರಾಯರು ಜಗ್ಗಲಿಲ್ಲ. ಬಟ್ಟೆ ಒಗೆಯುವ ಮೆಷಿನ್ನಿನ ಮೋಟಾರು ಯಂತ್ರದ ಹೊಟ್ಟೆ ಸೇರಿತು. ಮಗಳ ಹಳೆಯ ಸೈಕಲ್ಲಿನ ಚಕ್ರಗಳು ಕಾಲಾದವು. ಬಕೆಟ್ಟಿನ ಮುಂದೆ ಕೂತು ಬಟ್ಟೆ ಕುಕ್ಕುತ್ತಿದ್ದ ಹೆಂಡತಿ ಗಡುವು ಕೊಟ್ಟಳು. “ಭಾನುವಾರ ನನ್ನ ತಂಗಿ, ಅವಳ ಗಂಡ ಬರ್ತಾರೆ. ಅಷ್ಟರಲ್ಲಿ ಇದು ಕೆಲಸ ಮಾಡದಿದ್ರೆ ನನ್ನ ಮೋಟಾರು ನನಗೆ. ಆಮೇಲೆ ಮನೇಲಿ ಸ್ಕ್ರೂಡ್ರೈವರ್ ಮುಟ್ಟಿ ನೋಡಿ, ಗೊತ್ತಾಗತ್ತೆ!”

ಷಡ್ಡಕನ ಮುಂದೆ ಮಾನ ಹೋಗುವುದೇ? ರಾಯರು ಹಲ್ಲು ಕಚ್ಚಿ ದುಡಿದರು. ಲಗಾಮಂತೂ ಅವರ ಸ್ವಂತ ಬುದ್ಧಿ. ಯಂತ್ರ ಮೂಲೆಯಲ್ಲಿ ನಿಂತು ಮನೆಯನ್ನು ಗಮನಿಸಬೇಕು. ಯಾರು ಹೇಳಿದ್ದು ನಡೆಯುತ್ತದೋ ಅವರೇ ಯಜಮಾನ, ಅವರ ಮಾತನ್ನು ಮಾತ್ರ ಕೇಳಬೇಕು. ಇದರ ಪರಿಣಾಮವೇನಾದೀತೆಂದು ಅವರಿಗೆ ಹೊಳೆಯಲೇ ಇಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯ!

ಭಾನುವಾರ ನೆಂಟರು ಬಂದು ಕೂತರು. ನಡುಮನೆಯ ತುಂಬ ತಂತಿ, ನಟ್ಟು, ಬಿಚ್ಚಿದ ರೇಡಿಯೋಗಳು. ಹೆಂಡತಿಯ ಸಹನೆಯ ಕಟ್ಟೆ ಒಡೆಯಿತು. “ಈ ಮನೇಲಿ ಕೆಲಸಕ್ಕೆ ಬಾರದ್ದು ಒಂದೂ ಇರಕೂಡದು, ಎಲ್ಲಾ ಹೊರಗೆ ಹೋಗ್ಲಿ!” ಎಂದು ಗದರಿ ಅಡುಗೆಮನೆಗೆ ಹೋದಳು.

ಯಂತ್ರ ಗುರ್ರೆಂದಿತು. ರೇಡಿಯೋಗಳು ಬಾಗಿಲಾಚೆ ಹಾರಿದವು. ಕಥೆಪುಸ್ತಕಗಳು ಹಿಂಬಾಲಿಸಿದವು.

“ನೋಡಿದ್ರಾ, ಏನು ಚುರುಕು!” ಎಂದು ರಾಯರು ಷಡ್ಡಕನತ್ತ ಹೆಮ್ಮೆಯಿಂದ ತಿರುಗಿದರು. ಅಷ್ಟರಲ್ಲಿ ಯಂತ್ರ ಬಂದು ಅವರ ಕೊರಳಪಟ್ಟಿಗೇ ಕೈಹಾಕಿತು.

“ಏಯ್, ನಿಲ್ಲು! ನಾನು ಕಣೋ, ಯಜಮಾನ!”

ಯಂತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ರಾಯರು ಹೇಗೋ ಕೊಸರಿಕೊಂಡು ಊಟದ ಮೇಜಿನ ಸುತ್ತ ಓಡತೊಡಗಿದರು. ಕೊನೆಯ ಪುಟ ಬಂತೆಂದು ಅವರಿಗೆ ಖಾತ್ರಿಯಾಯಿತು.

ಸೌಟು ಹಿಡಿದೇ ಹೆಂಡತಿ ಹೊರಬಂದಳು. “ಸಾಕು, ನಿಲ್ಲು!”

ಯಂತ್ರ ನಿಂತಿತು. ರಾಯರೂ ನಿಂತರು.

“ಲಗಾಮು ಚೆನ್ನಾಗಿದೆ ಭಾವ,” ಎಂದು ಷಡ್ಡಕ ಮೆಚ್ಚಿದ.

“ಮೊದಲು ನೆಲ ಗುಡಿಸಿ,” ಎಂದಳು ಹೆಂಡತಿ, ಯಾರನ್ನೂ ನೋಡದೆ.

ಯಂತ್ರ ಪೊರಕೆಯತ್ತ ಕೈ ಚಾಚಿತು. ಆದರೆ ಅಷ್ಟರೊಳಗೆ ರಾಯರು ಅರ್ಧ ನಡುಮನೆ ಗುಡಿಸಿ ಆಗಿತ್ತು.