ದೇವರ ಕರೆಯೂ ಹಲ್ಲಿನ ಇಕ್ಕಳವೂ

ದೇವರು ತನ್ನನ್ನು ಯಾವ ಕೆಲಸಕ್ಕೆ ಕರೆಯುತ್ತಾನೋ ಎಂದು ಕಿವಿ ನಿಮಿರಿಸಿಕೊಂಡು ಕಾಯುವವನ ಬದುಕಿನಲ್ಲಿ ನಗೆಪಾಟಲಿಗೆ ಬರವೇ ಇರುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೂರು ವರ್ಷ ಹಾಗೆ ಕಾದವನು ನಾನು, ಧೈರ್ಯವಾಗಿ ಹೇಳಬಲ್ಲೆ.

ನಮ್ಮಪ್ಪ ಮಳವಳ್ಳಿಯ ಪುಟ್ಟ ಕ್ರೈಸ್ತ ಸಭೆಯ ಉಪದೇಶಿ. ನಾನು ಹಸುಗೂಸಾಗಿದ್ದಾಗ ಕಾಯಿಲೆ ಬಿದ್ದು ಉಳಿಯುವುದಿಲ್ಲ ಎಂದಾಯಿತಂತೆ. ಆಗ ನಮ್ಮವ್ವ, ಈ ಮಗು ಬದುಕಿದರೆ ಬೋಧಕನನ್ನಾಗಿ ಮಾಡುತ್ತೇನೆ ಸ್ವಾಮಿ ಎಂದು ಹರಕೆ ಹೊತ್ತಳು. ನಾನು ಬದುಕಿದೆ. ಅಲ್ಲಿಗೆ ನನ್ನ ಹಣೆಬರಹ ತೀರ್ಮಾನವಾಯಿತು. ಆದರೆ ಸಭೆಗೆ ಹರಕೆಯೊಂದೇ ಸಾಲದು. ಅಪ್ಪನ ಜೊತೆ ಮೂರು ವರ್ಷ ಊರೂರು ತಿರುಗಿ ಬೋಧನೆ ಕಲಿಯಬೇಕು. ಆಮೇಲೆ ಬೆಂಗಳೂರಿನಿಂದ ಸಭೆಯ ಮುಖ್ಯಸ್ಥರಾದ ದೊಡ್ಡ ಅಯ್ಯನವರು ಬಂದು ಎಲ್ಲರೆದುರು, "ದೇವರು ನಿನ್ನನ್ನು ಕರೆದಿದ್ದಾನೆಯೇ?" ಎಂದು ಕೇಳುತ್ತಾರೆ. ಸುಳ್ಳು ಹೇಳುವ ಹಾಗಿಲ್ಲ. ಇಲ್ಲ ಅಂದರೆ ಅವ್ವನ ಎದೆ ಒಡೆಯುತ್ತದೆ. ಕರೆ ಮಾತ್ರ ಬರಲೊಲ್ಲದು. ನನಗೋ ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸುತ್ತಿತ್ತು. ಪ್ರಾರ್ಥನೆಗೆ ಮೊಣಕಾಲೂರಿದರೂ ಹೆಬ್ಬೆರಳು ಸುಮ್ಮನಿರದೆ ನೆಲ ಕೆರೆಯುತ್ತಿತ್ತು.

೧. ತೊಂಬತ್ತೊಂಬತ್ತು ಕುರಿ

ಮೊದಲನೆಯ ವರ್ಷ ಅಪ್ಪ ನನ್ನೊಬ್ಬನನ್ನೇ ಬಸರಾಳಿಗೆ ಕಳಿಸಿದರು. ಅರಳಿಕಟ್ಟೆಯ ಮುಂದೆ ನಿಂತು, ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡದ್ದು, ಕುರುಬ ಮಿಕ್ಕವನ್ನು ಬಿಟ್ಟು ಅದನ್ನು ಹುಡುಕಿಕೊಂಡು ಹೋದದ್ದು, ಎಲ್ಲವನ್ನೂ ಭಾವ ತುಂಬಿ ಹೇಳಿದೆ. ಕಣ್ಣೀರು ಬರುವುದೊಂದು ಬಾಕಿ.

ಕಂಬಳಿ ಹೊದ್ದ ಮುದುಕನೊಬ್ಬ ಎದ್ದು ನಿಂತ. ನಾನು ಕರಗಿದನೆಂದುಕೊಂಡೆ. ಅವನು ಕೆರಳಿದ್ದ.

"ಅಲ್ಲ ಕಣ್ಲಾ ಮಗಾ, ತೊಂಬತ್ತೊಂಬತ್ನೂ ಬಯಲಲ್ಲಿ ಬುಟ್ಬುಟ್ಟು ಒಂದ್ನ ಉಡಿಕ್ಕಂಡು ಓದ್ನಾ? ತೋಳ ಬಂದಿದ್ರೆ?"

"ಒಂದ್ ಕುರಿನೂ ಕುರಿನೇ ಕಣ್ಲಾ, ಬುಟ್ಬುಡಕ್ಕಾಯ್ತದಾ?" ಎಂದ ಇನ್ನೊಬ್ಬ.

ಊರು ಎರಡು ಪಕ್ಷವಾಯಿತು. ನಾನೊಬ್ಬ ಅಲ್ಲಿದ್ದೇನೆಂಬುದೇ ಯಾರಿಗೂ ನೆನಪಿರಲಿಲ್ಲ. ಮೆಲ್ಲಗೆ ಸೈಕಲ್ ಹತ್ತಿದೆ. ಮುದುಕ ಹಿಂದೆಯೇ ಓಡಿಬಂದು ಹ್ಯಾಂಡಲ್ ಹಿಡಿದ.

"ಆ ನಿಮ್ ಸ್ವಾಮಿಗೇಳು ಮಗಾ, ಇನ್ನೊಂದ್ ಸತಿ ಉಡಕಾಕೆ ಓಗೋ ಮುಂಚೆ ನಂಗೊಂದ್ ಮಾತು ಏಳಿ ಕಳಿಸ್ಲಿ. ತೊಂಬತ್ತೊಂಬತ್ನೂ ನಾನ್ ನೋಡ್ಕತೀನಿ."

ತಿಂಗಳುಗಟ್ಟಲೆ ಕಾದರೂ ನನಗೆ ಬಾರದ ಕರೆ ಆ ಮುದುಕನಿಗೆ ಅರ್ಧ ಗಂಟೆಯಲ್ಲಿ ಬಂದಿತ್ತು!

೨. ಮೊದಲು ಬೋಧನೆ, ಆಮೇಲೆ ಹಲ್ಲು

ಮಳವಳ್ಳಿ ಸಂತೆಯಲ್ಲಿ ಅಪ್ಪ ಬೋಧನೆಯ ಜೊತೆಗೆ ಹಲ್ಲೂ ಕೀಳುತ್ತಿದ್ದರು. ಹಿಂದೆ ಮಿಷನ್ ಆಸ್ಪತ್ರೆಯ ಡಾಕ್ಟರಮ್ಮ ಒಬ್ಬರು ಇಕ್ಕಳ ಕೊಟ್ಟು ಕಲಿಸಿದ್ದರಂತೆ. ಅಪ್ಪನ ಕಣ್ಣು ಮಂಜಾಗಿ, ಒಬ್ಬನ ನೋಯುವ ಹಲ್ಲು ಬಿಟ್ಟು ಪಕ್ಕದ್ದನ್ನು ಕಿತ್ತ ದಿನ ಇಕ್ಕಳ ನನ್ನ ಕೈಗೆ ಬಂತು. ಇಕ್ಕಳ ಕುದಿಸಿ, ಒಸಡಿಗೆ ಲವಂಗದೆಣ್ಣೆ ಹಚ್ಚಿ, ಹಲ್ಲನ್ನು ಮೆಲ್ಲಮೆಲ್ಲಗೆ ಸಡಿಲಿಸಿ ಎಳೆಯುತ್ತಿದ್ದೆ. ಕೆನ್ನೆ ಹಿಡಿದುಕೊಂಡು ಬಂದವರು ಉಸ್ಸೆಂದು ಎದ್ದು ಹೋಗುವಾಗ ನನಗೇ ಹಗುರವಾಗುತ್ತಿತ್ತು. ಆದರೆ ಅದನ್ನು ಯಾರ ಮುಂದೆಯೂ ಹೇಳಲಿಲ್ಲ.

ಅಪ್ಪನಿಗೆ ಹಲ್ಲೆಂಬುದು ಜನ ಸೇರಿಸುವ ಉಪಾಯ, ಅಷ್ಟೆ. ಹಲ್ಲು ಹೋದ ಕೂಡಲೇ ಜನವೂ ಹೋಗುತ್ತಿದ್ದರು. ಅದಕ್ಕೇ ಅವರು ಹೊಸ ಕಾನೂನು ತಂದರು: ಮೊದಲು ಬೋಧನೆ, ಆಮೇಲೆ ಹಲ್ಲು. ಪೂರಿಗಾಲಿಯ ರೈತನೊಬ್ಬ ದವಡೆಗೆ ಟವೆಲು ಬಿಗಿದುಕೊಂಡು ಮುಂದೆಯೇ ಕೂತಿದ್ದ. ಅಪ್ಪ ಒಂದು ಗಂಟೆ ಬಿಡದೆ ಮಾತಾಡಿದರು. ಇಕ್ಕಳ ಹಿಡಿದ ನನ್ನ ಕೈ ತಹತಹಿಸುತ್ತಿತ್ತು. ಕೊನೆಗೆ ಅಪ್ಪ ಸುಸ್ತಾಗಿ ಕುಳಿತಾಗ ರೈತ ಟವೆಲು ಬಿಚ್ಚಿ, "ಅಲ್ಲುನೋವು ಓಯ್ತಲ್ಲ ಸ್ವಾಮಿ!" ಎಂದ.

ಅಪ್ಪನ ಮುಖ ಅರಳಿತು. ಎರಡೂ ಕೈ ಮೇಲೆತ್ತಿ, "ನೋಡಿದ್ರಾ, ದೇವರ ಮಾತಿನ ಶಕ್ತಿ!" ಎಂದರು.

"ಊಂ ಸ್ವಾಮಿ," ಎಂದ ರೈತ. "ಈಗ ತಲೆ ಸಿಡೀತದೆ. ಅದುಕ್ಕೇನಾದ್ರೂ ಐತಾ?"

೩. ಮದ್ದೂರಿನ ಸಾಹೇಬರು

ನನ್ನ ಕೈಯಲ್ಲಿ ಎರಡು ವರ್ಷ ಕೆಲಸ ಮಾಡಿದ ಇಕ್ಕಳದ ಕೀಲು ಸಡಿಲವಾಯಿತು. ಮದ್ದೂರಿನಲ್ಲಿ ಬಸ್ಸು ರಿಪೇರಿ ಮಾಡುವ ಸಾಹೇಬರೊಬ್ಬರಿದ್ದರು. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸುಗಳನ್ನೇ ನಡೆಸುತ್ತಿದ್ದ ಕೈ ಅದು. ಅವರು ಕೀಲಿಗೆ ಹೊಸ ಮೊಳೆ ಜಡಿದು ನನ್ನ ಕೈಗೆ ಕೊಟ್ಟು, "ಸರಿಯಾಗಿ ಅದೋ ಇಲ್ವೋ ಇಲ್ಲೇ ನೋಡ್ಬುಡಿ," ಎಂದು ತಮ್ಮ ಬಾಯನ್ನೇ ತೆಗೆದರು. ಒಳಗೆ ಹುಳುಕು ದವಡೆ ಹಲ್ಲೊಂದು ಕಾಯುತ್ತಿತ್ತು. ಕಿತ್ತೆ.

ಸಾಹೇಬರು ಉಪ್ಪುನೀರು ಮುಕ್ಕಳಿಸಿ ನನ್ನನ್ನೇ ನೋಡುತ್ತ ಕುಳಿತರು. "ಅಯ್ನೋರೆ, ಅರ್ಧ ಗಂಟೆ ಕಾಯ್ತಾ ಕೂತಿದ್ರಲ್ಲ, ನಿಮ್ ಕಾಲು ಒಂದ್ ಗಳಿಗೆ ಸುಮ್ಕಿರಲಿಲ್ಲ. ಬಾಯಿಗೆ ಕೈ ಆಕಿದ್ದೇ ತಡ, ಮೈಯೆಲ್ಲಾ ನಿಂತೋಯ್ತು. ನಿಮ್ ಕೆಲ್ಸ ಇದೇ ಕಣ್ರಿ."

ನಾನು ಬಿಡದೆ, "ದೇವರ ಕೆಲಸ ಅಂದರೆ ಬೋಧನೆಯಲ್ಲವೇ ಸಾಹೇಬರೆ? ಹಲ್ಲು ಕೀಳುವುದೂ ಒಂದು ದೇವರ ಕೆಲಸವೇ?" ಎಂದೆ.

"ಕೊಟ್ಟೋನು ಅವ್ನೇ ಅಲ್ವಾ? ವಾಪಸ್ ಇಸ್ಕಳಕ್ಕೂ ಅವ್ನಿಗೊಬ್ಬ ಆಳು ಬೇಡ್ವಾ?"

೪. ಒಪ್ಪಿಗೆ

ಕೊನೆಗೂ ಆ ದಿನ ಬಂತು. ಮಂಡ್ಯದ ಚರ್ಚಿನಲ್ಲಿ ಸಭೆಯ ಹಿರಿಯರೆಲ್ಲ ಸೇರಿದ್ದರು. ಮುಂದಿನ ಚಾಪೆಯಲ್ಲಿ ಅವ್ವ ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದಳು. ಬೆಂಗಳೂರಿನ ದೊಡ್ಡ ಅಯ್ಯನವರು ದಾರಿಯಲ್ಲಿ ಮದ್ದೂರು ವಡೆ ಕಡಿದು ಹಲ್ಲು ಸೀಳಿಸಿಕೊಂಡು ಬಂದಿದ್ದರು. ಒಂದು ಕೆನ್ನೆ ಬನ್ನಿನ ಹಾಗೆ ಊದಿತ್ತು. ಆ ಕೆನ್ನೆಗೆ ಕೈಯಾನಿಸಿಕೊಂಡೇ ಕೇಳಿದರು: "ದೇವರು ನಿನ್ನನ್ನು ಕರೆದಿದ್ದಾನೆಯೇ?"

ಹೌದು ಅಂದರೆ ಸುಳ್ಳು. ಇಲ್ಲ ಅನ್ನೋಣವೆಂದರೆ ಎದುರಿಗೆ ಅವ್ವ. ಅಷ್ಟರಲ್ಲಿ ಅಯ್ಯನವರು ನೋವಿಗೆ ಅಮ್ಮಾ ಎಂದರು.

"ಅಯ್ಯನವರೆ, ಮೊದಲು ಬಾಯಿ ತೆಗೆಯಿರಿ," ಎಂದೆ.

ಚೀಲದಲ್ಲಿದ್ದ ಇಕ್ಕಳವನ್ನು ಹಿಂದಿನ ಅಡುಗೆಮನೆಯಲ್ಲಿ ಕುದಿಸಿ ತಂದೆ. ಅದು ಹಲ್ಲನ್ನು ಕಚ್ಚಿ ಹಿಡಿದದ್ದೇ ನನ್ನ ಕಾಲಿನ ಚಡಪಡಿಕೆ ನಿಂತಿತು. ಮೂರು ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತು ತಾನಾಗಿ ಹೊರಟಿತು. "ನನಗೆ ಬೋಧನೆಯ ಕರೆ ಬಂದಿಲ್ಲ ಅಯ್ಯನವರೆ. ನೊಂದವರ ಬಾಯಿ ನೋಡಿದರೆ ಮಾತ್ರ ದೇವರು ನನ್ನ ಪಕ್ಕದಲ್ಲಿ ನಿಂತ ಹಾಗಿರುತ್ತದೆ. ನನ್ನನ್ನು ಪೀಠಕ್ಕೆ ಹತ್ತಿಸಬೇಡಿ, ಹಲ್ಲಿನ ಕೆಲಸ ಕಲಿಯಲು ಆಸ್ಪತ್ರೆಗೆ ಕಳಿಸಿ. ಒಪ್ಪಿಗೆಯೇ?"

"ಆ..." ಎಂದರು ದೊಡ್ಡ ಅಯ್ಯನವರು.

ಬಾಯೊಳಗೆ ಇಕ್ಕಳವಿರುವಾಗ ಮನುಷ್ಯ ಬೇರೇನು ತಾನೇ ಅಂದಾನು? ಹಿರಿಯರೊಬ್ಬರು ಒಪ್ಪಿಗೆಯೆಂದು ಬರೆದೇಬಿಟ್ಟರು. ಹಲ್ಲು ಹೊರಗೆ ಬಂತು. ಅಯ್ಯನವರು ಹತ್ತಿ ಕಚ್ಚಿಕೊಂಡು, ಕೆನ್ನೆ ಮುಟ್ಟಿ ನೋಡಿಕೊಂಡು, ಬರೆದದ್ದನ್ನು ಓದಿದರು. ಅದನ್ನು ಗೀಟೆಳೆದು ಹೊಡೆದುಹಾಕುತ್ತಾರೆಂದುಕೊಂಡೆ. ಅವರು ಅದರ ಕೆಳಗೆ ರುಜು ಹಾಕಿ ನನ್ನ ತಲೆಯ ಮೇಲೆ ಕೈಯಿಟ್ಟರು.

ಇನ್ನು ಉಳಿದವಳು ಅವ್ವ. ಚಾಪೆಯ ಮುಂದೆ ಕುಕ್ಕರಿಸಿ, "ಹರಕೆ ತಪ್ಪಿಸಿದೆ ಅವ್ವಾ, ಬೈದುಬಿಡು," ಎಂದೆ. ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಸೆರಗನ್ನು ಪಕ್ಕಕ್ಕೆ ಸರಿಸಿ, ನನ್ನ ಮುಂದೆ ಬಾಯಿ ತೆಗೆದು ಬೆರಳಿನಿಂದ ಮೂಲೆಯ ಹಲ್ಲೊಂದನ್ನು ತೋರಿಸಿದಳು.

"ಎರಡ್ ವರ್ಸದಿಂದ ಜೀವ ತಿಂತಾ ಅದೆ ಕಣ್ಲಾ. ನಿನ್ ಕೈಗೆ ಕೊಟ್ರೆ ಎಲ್ಲಿ ಇದೇ ಕೆಲ್ಸಕ್ಕೆ ಬಿದ್ದೋಯ್ತೀಯೋ ಅಂತ ಬಾಯ್ ಮುಚ್ಕಂಡಿದ್ದೆ. ಇನ್ಯಾಕೆ? ಕೀಳು."