ಆಷಾಢದಲ್ಲಿ ನಮ್ಮ ಮಿಲ್ಲಿನ ರೀಲ್ಸ್

ಮೂವತ್ತು ಸೆಕೆಂಡಿನ ವಿಡಿಯೊ ಮಾಡುವುದು ಅಂಥ ಘನಕಾರ್ಯವೇನಲ್ಲ ಎಂದು ನಾನು ಆಷಾಢದ ಮೂರನೇ ದಿನ, ಬೆಳಿಗ್ಗೆ ಏಳು ಗಂಟೆಗೆ ತೀರ್ಮಾನಿಸಿದೆ. ಗಂಟೆಯನ್ನೂ ಯಾಕೆ ಹೇಳುತ್ತೇನೆಂದರೆ, ನಾನು ದಿನಚರಿ ಬರೆಯುವವನು. ಗೆರೆ ಹೊಡೆದು, ಕಾಲಂ ಮಾಡಿ ಬರೆಯುತ್ತೇನೆ. ಆ ದಿನ ಮೂರು ಹೊಸ ಕಾಲಂ ತೆರೆದೆ: ನೋಟ, ಹೃದಯ, ಆರ್ಡರ್.

ತಾಳವಾಡಿಯಲ್ಲಿ ನಮ್ಮದೊಂದು ಹಿಟ್ಟಿನ ಮಿಲ್ಲಿದೆ. ಈ ವರ್ಷದಿಂದ ರಾಗಿ ಹುರಿಹಿಟ್ಟನ್ನು ಪ್ಯಾಕೆಟ್ ಮಾಡಿ ಮಾರಲು ಶುರುಮಾಡಿದ್ದೆವು. ಅದರ ಪ್ರಚಾರಕ್ಕೆ ರೀಲ್ಸ್. ಇದು ಲೋಕಕ್ಕೆ ಹೇಳಿದ ಕಾರಣ. ನಿಜವಾದ ಕಾರಣದ ಹೆಸರು ರೇವತಿ.

ರೇವತಿ ನನ್ನ ಹೆಂಡತಿ. ಮದುವೆಯಾಗಿ ತೊಂಬತ್ತೆರಡು ದಿನವಾಗಿತ್ತು, ಆಷಾಢ ಬಂತು. ಹೊಸ ಮದುವಣಗಿತ್ತಿ ಆಷಾಢದಲ್ಲಿ ಗಂಡನ ಮನೆಯಲ್ಲಿರುವಂತಿಲ್ಲ. ಘಟ್ಟ ಇಳಿದು ಸತ್ಯಮಂಗಲದ ತವರಿಗೆ ಹೋದಳು. ಹೋಗಲಿ, ಫೋನಿದೆಯಲ್ಲ ಎಂದುಕೊಂಡಿದ್ದೆ. ಅಜ್ಜಿ ನನ್ನನ್ನು ಮಾದಪ್ಪನ ಪಟದ ಮುಂದೆ ನಿಲ್ಲಿಸಿತು.

"ಆಣೆ ಇಕ್ಕು. ಆಸಾಡ ಮುಗಿಯಗಂಟ ಅವಳ ಮೊಕ ನೋಡಂಗಿಲ್ಲ, ಫೋನ್ ಮಾಡಂಗಿಲ್ಲ."

"ಫೋನಿಗೂ ಆಷಾಢಕ್ಕೂ ಏನಜ್ಜಿ ಸಂಬಂಧ?"

"ನಿಮ್ ತಾತ ನಂಗೆ ಆಸಾಡದಲ್ಲಿ ಫೋನ್ ಮಾಡಿದ್ರಾ? ಇಲ್ವಲ್ಲ! ಅಂಗೇ ಇರು."

ಆ ಕಾಲದಲ್ಲಿ ನಮ್ಮೂರಿನಲ್ಲಿ ಫೋನೇ ಇರಲಿಲ್ಲ ಎಂಬ ವಾದವನ್ನು ಅಜ್ಜಿ ಪರಿಗಣಿಸಲಿಲ್ಲ. ಆಣೆ ಇಟ್ಟೆ.

ಎರಡೇ ದಿನಕ್ಕೆ ಮನೆ ಬಿಕೋ ಎನ್ನತೊಡಗಿತು. ಕನ್ನಡಿಯ ಅಂಚಿಗೆ ಅವಳು ಅಂಟಿಸಿಹೋದ ಬಿಂದಿಗಳನ್ನು ಎಣಿಸಿದೆ. ನಾಲ್ಕು. ಮರುದಿನವೂ ಎಣಿಸಿದೆ. ನಾಲ್ಕೇ ಇದ್ದವು. ಆಗ ಹೊಳೆಯಿತು: ನಾನು ಅವಳಿಗೆ ಫೋನ್ ಮಾಡಬಾರದು ಸರಿ, ಜಗತ್ತಿಗೆ ವಿಡಿಯೊ ಹಾಕಬಹುದಲ್ಲ? ಜಗತ್ತಿನಲ್ಲಿ ಸತ್ಯಮಂಗಲವೂ ಇದೆ. ಸತ್ಯಮಂಗಲದಲ್ಲಿ ಅವಳೂ ಇದ್ದಾಳೆ. ವ್ಯಾಪಾರಕ್ಕೆ ಯಾವ ಮಾದಪ್ಪ ಅಡ್ಡ ಬಂದಾನು?

ಮೊದಲ ರೀಲನ್ನು ಫೋನನ್ನು ತಕ್ಕಡಿಯ ಮೇಲಿಟ್ಟು ತೆಗೆದೆ. ಮೋಟಾರು ಶುರುವಾದೊಡನೆ ತಕ್ಕಡಿ ನಡುಗಿತು, ಫೋನು ಒಂದೊಂದೇ ಹೆಜ್ಜೆ ಇಟ್ಟು ಮಗುಚಿಕೊಂಡಿತು. ನಾಲ್ಕು ಸೆಕೆಂಡು ನನ್ನ ಮುಖ, ಇಪ್ಪತ್ತಾರು ಸೆಕೆಂಡು ಮಿಲ್ಲಿನ ತಾರಸಿ ಮತ್ತು ಒಂದು ಹಲ್ಲಿ. ಆದರೂ ಹಾಕಿದೆ. ನೋಟ: ಹದಿನಾಲ್ಕು. ಅದರಲ್ಲಿ ಹನ್ನೊಂದು ನನ್ನವು. ಆರ್ಡರ್: ಸೊನ್ನೆ. ಹೃದಯ: ಒಂದು.

ಆ ಒಂದು ಹೃದಯ ರೇವತಿಯ ಖಾತೆಯಿಂದ ಬಂದಿತ್ತು!

ಅಂದು ನಾನು ಎರಡು ಮುದ್ದೆ ಹೆಚ್ಚಿಗೆ ತಿಂದೆ. ಅದನ್ನೂ ಬರೆದಿಟ್ಟಿದ್ದೇನೆ.

ಇಂಥ ವ್ಯವಹಾರವನ್ನು ಶಾಸ್ತ್ರೀಯವಾಗಿಯೇ ಮಾಡಬೇಕೆಂದು ಪಕ್ಕದ ಮೊಬೈಲ್ ಅಂಗಡಿಯ ಸಿದ್ದರಾಜುವಿನ ಬಳಿ ಹೋದೆ. ರೀಲ್ಸ್ ವಿಷಯದಲ್ಲಿ ಅವನು ನಮ್ಮ ಬೀದಿಗೆ ಪ್ರೊಫೆಸರ್. ಹಲ್ಲಿಯ ವಿಡಿಯೊ ನೋಡಿ ತಲೆ ಚಚ್ಚಿಕೊಂಡ.

"ಮೊದಲ್ನೇ ಮೂರು ಸೆಕೆಂಡಲ್ಲಿ ಜನ ನಿಂತ್ಕಬೇಕು ಕಣ್ಲಾ. ದಿನಾ ಒಂದೇ ಒತ್ಗೆ ಆಕ್ಬೇಕು. ಆಮೇಲೆ ಈ ನಿನ್ ಭಾಷಣ ಯಾರಿಗ್ ಬೇಕು? ಅದನ್ ಮುಚ್ಬುಟ್ಟು ಮೇಲೊಂದು ಕುಣಿಯೋ ಆಡು ಆಕು."

ಅಲ್ಲಿಂದ ಪ್ರತಿ ರೀಲಿಗೂ ಡೋಲು ಬಡಿಯುವ ಹಾಡು ಹಾಕಿದೆ. ಮಾತು ಹೋದರೇನು? ಅವಳಿಗೆ ಬೇಕಾದದ್ದು ನನ್ನ ಮುಖ ತಾನೆ! ಮುಖದ ಮೇಲೆ ಗಮನ ಕೊಟ್ಟೆ. ಅವಳು ಕೊಡಿಸಿದ ನೀಲಿ ಶರ್ಟು ಹಾಕಿದೆ. ಮೀಸೆ ಕತ್ತರಿಸಿದೆ. ಎಡಗಡೆ ಗಿಡ್ಡವಾಯಿತು, ಬಲಗಡೆ ಸರಿಮಾಡಿದೆ. ಬಲಗಡೆ ಗಿಡ್ಡವಾಯಿತು. ಏಳನೇ ರೀಲಿನ ಹೊತ್ತಿಗೆ ಮೀಸೆ ನೆನಪಾಗಿ ಮಾತ್ರ ಉಳಿದಿತ್ತು.

ಸಿದ್ದರಾಜು ಆ ರೀಲನ್ನು ಎರಡು ಸಲ ನೋಡಿದ.

"ಪ್ಯಾಕೆಟ್ ಎಲ್ಲದೆ?"

"ಹಿಂದೆ ಇದೆ."

"ಯಾವುದರ ಇಂದೆ?"

"ನನ್ನ ಹಿಂದೆ."

"ಲೇ, ನೀನ್ ಮಾರ್ತಿರದು ಇಟ್ಟನ್ನೋ ನಿನ್ ಮೂತೀನೋ?"

ಫೋನು ಇಸಿದುಕೊಂಡು ಮಿಲ್ಲಿಗೆ ಬಂದೆ. ಆರ್ಡರ್ ಸೊನ್ನೆಯಾಗಿದ್ದರೂ ಹೃದಯದ ಕಾಲಮ್ಮಿನಲ್ಲಿ ರೇವತಿಯ ಹೆಸರು ಒಂದು ದಿನವೂ ತಪ್ಪಿರಲಿಲ್ಲ. ಸಂಜೆ ಆರಕ್ಕೆ ರೀಲು, ಆರು ಐದಕ್ಕೆ ಹೃದಯ. ಆ ಐದು ನಿಮಿಷ ನಾನು ಯಾರ ರಾಗಿಯನ್ನೂ ಬೀಸುತ್ತಿರಲಿಲ್ಲ.

ಹನ್ನೊಂದನೇ ರೀಲಿಗೆ ಮಹತ್ವಾಕಾಂಕ್ಷೆ ಹುಟ್ಟಿತು. ಹಿಟ್ಟಿನ ಮಂಜಿನೊಳಗಿಂದ ನಾನು ನಿಧಾನವಾಗಿ ನಡೆದು ಬರಬೇಕು, ತಲೆ ಎತ್ತಬೇಕು, ನಗಬೇಕು. ಮಿಲ್ಲು ಗಿರಾಕಿಯೊಬ್ಬರ ಗೋಧಿ ಬೀಸುತ್ತಿತ್ತು. ಹಿಟ್ಟು ಬೀಳುವ ಬಾಯಿಗೆ ಕಟ್ಟುವ ಬಟ್ಟೆಚೀಲವನ್ನು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದೇ ಕೈಯಲ್ಲಿ ಕಟ್ಟಿದೆ. ಫೋನನ್ನು ಎದುರಿಗೆ ನಿಲ್ಲಿಸಿ ನಡೆದು ಬಂದೆ. ತಲೆ ಎತ್ತಿದೆ. ನಗುವಷ್ಟರಲ್ಲಿ ಚೀಲ ಕಳಚಿ ಬಿತ್ತು. ಹಿಟ್ಟೆಲ್ಲ ನನ್ನ ಮೇಲೆ!

ಅಜ್ಜಿ ಒಳಗೆ ಬಂದಾಗ ನಾನು ಅಡಿಯಿಂದ ಮುಡಿಯವರೆಗೆ ಬೆಳ್ಳಗಿದ್ದೆ. ಎರಡು ಕಣ್ಣು ಮಾತ್ರ ಪಿಳಿಪಿಳಿ ಎನ್ನುತ್ತಿದ್ದವು.

"ಅಯ್ಯಯ್ಯಪ್ಪಾ! ಮಾದಪ್ಪಾ! ಯಾವ ಪೀಡೆಯೋ ಇದು!" ಎಂದು ಕಿರುಚಿ ಮೊರದಿಂದ ನನ್ನ ತಲೆಗೆ ಎರಡೇಟು ಹಾಕಿತು.

"ಅಜ್ಜಿ, ನಾನು ಮಾದೇಶ!"

"ಅಂಗಾರೆ ಇನ್ನೊಂದ್ ಆಕ್ಬೇಕಾಗಿತ್ತು!"

ಗೋಧಿ ತಂದಿದ್ದ ಹೆಂಗಸು ಮಾತ್ರ ಗಾಬರಿಯಾಗಲಿಲ್ಲ. "ಏನಾರಾ ಮಾಡ್ಕಳಿ. ನನ್ ಆರು ಕಿಲೋ ಅವನ್ ಮೇಲದೆ. ಅವನ್ನೇ ತಕ್ಕಡಿ ಮೇಲೆ ನಿಲ್ಸಿ, ತೂಕ ಆಕಿ ಕೊಡಿ" ಅಂದಳು.

ಇದೆಲ್ಲವೂ ಮೂವತ್ತು ಸೆಕೆಂಡಿನಲ್ಲಿ ಚಿತ್ರೀಕರಣಗೊಂಡಿತ್ತು. ಮೇಲೆ ಹಾಡು ಹಾಕಿ ಬಿಟ್ಟೆ. ನೋಟ: ನಲವತ್ತೊಂದು ಸಾವಿರ! ಘಟ್ಟದ ಮೇಲಿನ ದಿಂಬಂ ಟೀ ಅಂಗಡಿಯಲ್ಲಿ ಬಸ್ಸು ನಿಂತಾಗ ಜನ ಫೋನಿನಲ್ಲಿ ನನ್ನನ್ನೇ ನೋಡಿ ನಗುತ್ತಿದ್ದರಂತೆ. 'ದೀಪಾವಳಿಗೆ ಸಗಣಿ ಎರಚಾಡೋ ಗುಮಟಾಪುರದ ಹಬ್ಬ ಇಷ್ಟು ಬೇಗ ಬಂತಾ? ಸಗಣಿ ಯಾಕೆ ಬೆಳ್ಳಗಿದೆ?' ಎಂದು ಒಬ್ಬ ಕಾಮೆಂಟಿನಲ್ಲಿ ಕೇಳಿದ್ದ. ಅಜ್ಜಿಯನ್ನು ಸಿನಿಮಾಕ್ಕೆ ಕಳಿಸಿ ಎಂದು ಅರವತ್ತೆರಡು ಜನ ಬರೆದಿದ್ದರು. ಹುರಿಹಿಟ್ಟನ್ನು ಒಬ್ಬರೂ ಕೇಳಲಿಲ್ಲ. ಆದರೆ ಆ ಸಂಜೆಯ ಹೃದಯ ಬಂದದ್ದು ಆರು ಐದಕ್ಕಲ್ಲ, ಆರು ನಲವತ್ತಕ್ಕೆ. ನಲವತ್ತೊಂದು ಸಾವಿರ ಜನ ನೋಡಿದ ಸಂಭ್ರಮದಲ್ಲೂ ಆ ಮೂವತ್ತೈದು ನಿಮಿಷ ನನ್ನನ್ನು ಕೊರೆಯಿತು. ಅವಳಿಗೆ ನಾಚಿಕೆಯಾಯಿತೆ? ಇಂಥವನನ್ನು ಕಟ್ಟಿಕೊಂಡೆನಲ್ಲ ಅಂದುಕೊಂಡಳೆ? ಪರಿಹಾರವಾಗಿ ಮುಂದಿನ ರೀಲುಗಳಲ್ಲಿ ಇನ್ನೂ ಚೆನ್ನಾಗಿ ನಕ್ಕೆ. ಹಾಡಿನ ಸದ್ದು ಇನ್ನಷ್ಟು ಏರಿಸಿದೆ.

ಹೀಗೆ ಇಪ್ಪತ್ತೆಂಟು ರೀಲುಗಳಾದವು, ಅಮಾವಾಸ್ಯೆ ಕಳೆಯಿತು. ಆಷಾಢ ಮುಗಿಯಿತು! ಬೆಳಿಗ್ಗೆಯೇ ಬಾಡಿಗೆ ಕಾರಿಗೆ ಹೇಳಿದೆ. ನೀಲಿ ಶರ್ಟಿನ ಹಿಟ್ಟನ್ನು ಮೂರು ನೀರಿನಲ್ಲಿ ತೆಗೆದೆ. ಹೊರಡಬೇಕು, ಅಷ್ಟರಲ್ಲಿ ಸತ್ಯಮಂಗಲದ ಬಸ್ಸಿನಿಂದ ನಮ್ಮ ಮಾವ ಇಳಿದರು. ಹಿಂದೆ ಯಾರಾದರೂ ಇಳಿಯುತ್ತಾರೇನೋ ಎಂದು ಬಾಗಿಲನ್ನೇ ನೋಡಿದೆ. ಒಂದು ಬಾಳೆಗೊನೆ ಇಳಿಯಿತು. ಬಸ್ಸು ಹೊರಟುಹೋಯಿತು.

"ಕಾರು ಯಾಕೆ ಮಾಪ್ಳೆ?" ಎಂದರು ಮಾವ. ಅವರ ಕಡೆ ಅಳಿಯನನ್ನು ತಮಿಳಿನಂತೆ ಮಾಪ್ಳೆ ಎಂದೇ ಕರೆಯುತ್ತಾರೆ.

"ಆಷಾಢ ಮುಗೀತಲ್ಲ ಮಾವ."

"ನಿಮಗೆ ಮುಗೀತು. ನಮಗೆ ಆಡಿ ನಡೀತಾ ಇದೆಯಲ್ಲ! ಕೆಳಗೆ ನಾವು ತಮಿಳು ತಿಂಗಳು ನೋಡೋದು. ಆಡಿ ಮುಗಿಯೋಕೆ ಇನ್ನೂ ಇಪ್ಪತ್ತಮೂರು ದಿನ. ಹೊಸ ಮಗಳನ್ನ ಹೇಗೆ ಕಳಿಸಲಿ?"

ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿಗೆ ಭಾರಿ ಸಂತೋಷವಾಗಿತ್ತು. "ಆಚಾರ ಅಂದ್ರೆ ಅದು ಕಣಪ್ಪಾ!" ಅಂದಿತು. ಮೂವತ್ತು ದಿನ ಒಂದು ತಪ್ಪಿಲ್ಲದೆ ಎಣಿಸಿದ್ದ ನಾನು ಎಣಿಸಬೇಕಾದ ತಿಂಗಳನ್ನು ಅರ್ಧ ಮಾತ್ರ ಎಣಿಸಿದ್ದೆ!

ಒಳಗೆ ಕೂರಿಸಿ ನೀರು ಕೊಟ್ಟೆ. ಇನ್ನು ತಡೆಯಲಾಗಲಿಲ್ಲ.

"ಮಾವ, ರೇವತಿ ನನ್ನ ರೀಲ್ಸ್ ನೋಡ್ತಾಳಲ್ಲ?"

"ಅವಳಾ? ಒಂದೂ ನೋಡಿಲ್ಲ."

"ಹೃದಯ ಬರುತ್ತಲ್ಲ!"

"ಅದು ನಾನು ಒತ್ತೋದು. ಆರು ಗಂಟೆಗೆ ಫೋನು ನನ್ನ ಕೈಗೆ ಕೊಟ್ಟು ಎದುರಿಗೆ ಕೂತ್ಕೋತಾಳೆ. ಕಣ್ಣು ಗಟ್ಟಿಯಾಗಿ ಮುಚ್ಚಿರ್ತಾಳೆ. 'ಮುಖ ನೋಡಿದ್ರೆ ಅವರಿಗೆ ಕೆಟ್ಟದಾಗುತ್ತೆ ಅಪ್ಪಾ, ಮಾತು ಕೇಳಿದ್ರೆ ದೋಷ ಇಲ್ಲ, ಹಾಕು' ಅಂತಾಳೆ. ಹಾಕ್ತೀನಿ. ಮೊದಲನೇ ದಿನ ಮೋಟಾರು ಕೇಳಿಸ್ತು. ಆಮೇಲೆ ದಿನಾ ಡೋಲು. 'ಇವತ್ತಾದ್ರೂ ಮಾತಾಡಿದ್ರಾ ಅಪ್ಪಾ?' ಅಂತ ಕೇಳ್ತಾಳೆ. ಒಂದು ದಿನ ಮಾತ್ರ ಅಜ್ಜಿ ಕಿರುಚಿದ್ದು ಡೋಲನ್ನೂ ಮೀರಿ ಕೇಳಿಸ್ತು. ಹೆದರಿ ಅಳೋದಕ್ಕೆ ಶುರುಮಾಡಿದ್ಳು. ನನಗೆ ನಗು ತಡೆದು ಏನಾಯ್ತು ಅಂತ ಹೇಳೋಕೆ ಅರ್ಧ ಗಂಟೆ ಬೇಕಾಯ್ತು."

ನಾನು ದಿನಚರಿ ತೆರೆದು ನೋಡಿದೆ. ಇಪ್ಪತ್ತೆಂಟು ರೀಲು. ಶರ್ಟು, ಮೀಸೆ, ನಗು ಎಲ್ಲವೂ ಇದ್ದವು. ನಾನು ಎಷ್ಟು ಮಾತಾಡಿದೆ ಎಂಬ ಕಾಲಂ ಮಾತ್ರ ಇರಲಿಲ್ಲ. ಮುಚ್ಚಿದ ಕಣ್ಣಿನ ಮುಂದೆ ಒಂದು ತಿಂಗಳು ಮುಖ ತೋರಿಸಿದ ಗಂಡು ಈ ಬೆಟ್ಟದಲ್ಲಿ ಇನ್ನೊಬ್ಬ ಇರಲಾರ.

ಮಾವ ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದರು. ಅಂದು ಸಂಜೆ ಆರಕ್ಕೆ ಮೋಟಾರು ನಿಲ್ಲಿಸಿದೆ. ಫೋನನ್ನು ಹಿಟ್ಟಿನ ರಾಶಿಗೆ ತಿರುಗಿಸಿದೆ. ಮುಖವಿಲ್ಲ, ಹಾಡಿಲ್ಲ, ಬರೀ ಮಾತು. ಹೇಳಬೇಕಾದದ್ದನ್ನೆಲ್ಲ ಒಂದು ಪುಟ ಬರೆದುಕೊಂಡಿದ್ದೆ. ಅಜ್ಜಿ ಬಂದು ಮಾದಪ್ಪನ ಪಟದ ಕೆಳಗೆ ಕಾಲು ಚಾಚಿ ಕೂತಿತು.

"ಯಾಪಾರದ್ ಮಾತು ಆಡು, ಬ್ಯಾಡ ಅನ್ನಲ್ಲ. ಅದು ಬುಟ್ಟು ಇನ್ನೊಂದ್ ಮಾತಾಡುದ್ರೆ ಆಣೆ ಮುರಿದಂಗೆ."

ಪುಟ ಮಡಿಸಿ ಜೇಬಿಗಿಟ್ಟೆ. "ನಮ್ಮಲ್ಲಿ ರಾಗಿ ಹಿಟ್ಟು..." ಎಂದು ಶುರುಮಾಡಿದೆ. "ಅಕ್ಕಿ ಹಿಟ್ಟು... ಗೋಧಿ ಹಿಟ್ಟು... ಜೋಳದ ಹಿಟ್ಟು... ಕಡಲೆ ಹಿಟ್ಟು... ಹುರುಳಿ ಹಿಟ್ಟು..." ಇಷ್ಟು ಮೆತ್ತಗೆ, ಇಷ್ಟು ನಿಧಾನವಾಗಿ ಹಿಟ್ಟುಗಳ ಹೆಸರನ್ನು ಯಾವ ಮಿಲ್ಲಿನವನೂ ಹೇಳಿರಲಾರ. ಸಜ್ಜೆಯ ಹಿಟ್ಟಿಗೆ ಬರುವಾಗ ನನ್ನ ದನಿಯೇ ನಡುಗಿತು.

ಮರುದಿನ ಬೆಳಿಗ್ಗೆ ಮಾವನ ಫೋನು.

"ಕೇಳಿದ್ಳು ಮಾಪ್ಳೆ. ಮೂರು ಸಲ ಹಾಕಿಸಿದ್ಳು."

"ಏನಂದ್ಳು ಮಾವ?"

"'ಹಿಟ್ಟು ಬಿಟ್ರೆ ಬೇರೆ ಮಾತೇ ಬರಲ್ವಾ ಅವರಿಗೆ?' ಅಂದ್ಳು. ಆಮೇಲೆ ನಾಲ್ಕನೇ ಸಲ ಹಾಕು ಅಂದ್ಳು."

ದಿನಚರಿಯಲ್ಲಿ ಬರೆದೆ: ನೋಟ ಒಂಬತ್ತು. ಆರ್ಡರ್ ಸೊನ್ನೆ. ಆಡಿ ಮುಗಿಯಲು ಬಾಕಿ ಇಪ್ಪತ್ತೆರಡು ದಿನ. ಹೆಸರು ಹೇಳಲು ನಮ್ಮ ಮಿಲ್ಲಿನಲ್ಲಿ ಹಿಟ್ಟುಗಳು ಮಾತ್ರ ನಿನ್ನೆಗೇ ಮುಗಿದುಹೋಗಿವೆ!