ಲಾರಿ ಟ್ಯೂಬಿನ ತೆಪ್ಪ, ಇಪ್ಪತ್ತೆರಡು ಅಪಾಯ

ಅಜಾಗ್ರತೆಯ ಮನುಷ್ಯ ಒಂದು ಸಲ ಬಿದ್ದು ಎದ್ದು ಸುಮ್ಮನಾಗುತ್ತಾನೆ. ನನ್ನಂಥ ಜಾಗ್ರತೆಯವನ ಪಾಡು ಹಾಗಲ್ಲ. ಬೀಳದೇ ಇರಲು ಮಾಡಿಕೊಂಡ ಒಂದೊಂದು ಏರ್ಪಾಡಿಗೂ ಒಂದೊಂದು ಫಜೀತಿ ಗಂಟುಬೀಳುತ್ತಲೇ ಇರುತ್ತದೆ.

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಸುರಕ್ಷತೆಯ ಉಸ್ತುವಾರಿಯೂ ನನ್ನದೇ. ನನ್ನ ವಿಭಾಗದಲ್ಲಿ ಯಾರೂ ಒಂದು ಬೆರಳನ್ನೂ ಕಳೆದುಕೊಂಡಿಲ್ಲ ಎಂದು ಎದೆಯುಬ್ಬಿಸಿ ಓಡಾಡುತ್ತಿದ್ದೆ. ಒಂದು ದಿನ ಬೋಂಡ ಕಟ್ಟಿಕೊಂಡು ಬಂದ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ ಒಂದು ಚಿತ್ರ ಸಿಕ್ಕಿತು. ಯಾವುದೋ ದೇಶದ ಬೆಟ್ಟದ ನದಿ, ನೊರೆ ಕಾರುವ ನೀರು, ಅದರ ನಡುವೆ ರಬ್ಬರ್ ದೋಣಿಯಲ್ಲಿ ಕೂತು ನಗುತ್ತಿರುವ ಜನ. ಲೇತ್ ವಿಭಾಗದ ಎಂಟು ಮಂದಿ ಆ ಎಣ್ಣೆ ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿ, ನಾವೂ ಹೀಗೆ ಹೋಗಲೇಬೇಕು ಎಂದು ಪಟ್ಟುಹಿಡಿದರು. ಬೇಡ ಎಂದರೆ ನನ್ನನ್ನು ಬಿಟ್ಟು ಹೋಗುತ್ತಾರೆಂದು ಗೊತ್ತಿತ್ತು. ಹೂಂ ಎಂದೆ. ಆದರೆ ಎಲ್ಲವೂ ಕ್ರಮವಾಗಿ ನಡೆಯಬೇಕು ಎಂದೆ. ಅಲ್ಲಿಂದ ಶುರುವಾಯಿತು.

ಮನೆಯವರ ಒಪ್ಪಿಗೆ

ಮೊದಲು ಒಂದು ಪಟ್ಟಿ ಮಾಡಿದೆ. ಎಡಗಡೆ ಇಪ್ಪತ್ತೆರಡು ಅಪಾಯ, ಬಲಗಡೆ ಒಂದೊಂದಕ್ಕೂ ಪರಿಹಾರ. ಅದನ್ನು ಹಿಡಿದುಕೊಂಡು ವಿಜಯನಗರದಲ್ಲಿದ್ದ ನಮ್ಮ ಯೂನಿಯನ್ ಕಾರ್ಯದರ್ಶಿಯ ಮನೆಗೆ ಹೋದೆ. ಅವನೂ ಎಂಟು ಜನರಲ್ಲಿ ಒಬ್ಬ. ದಾವಣಗೆರೆ ಕಡೆಯಿಂದ ಬಂದ ಕುಟುಂಬ. ಮನೆಯಲ್ಲಿ ತಾಯಿ, ಅವರಿಗೆ ಇವನೊಬ್ಬನೇ ಮಗ. ತಾಯಿಗೆ ಧೈರ್ಯ ಬರಲಿ ಎಂದು ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. ಒಂದು, ತಲೆ ಬಂಡೆಗೆ ಬಡಿಯುವುದು, ಪರಿಹಾರ, ಹೆಲ್ಮೆಟ್. ಎರಡು, ತೆಪ್ಪ ಮಗುಚುವುದು. ಪರಿಹಾರ, ತೇಲುವ ಅಂಗಿ. ಮೂರು, ಸುಳಿಗೆ ಸಿಕ್ಕುವುದು; ಪರಿಹಾರ, ಹಗ್ಗ. ಐದನೆಯದಕ್ಕೆ ಬರುವಷ್ಟರಲ್ಲಿ ಆಕೆ ಮಗನನ್ನು ಒಳಗಿನಿಂದ ಕರೆದು, "ಇಷ್ಟೆಲ್ಲಾ ಐತಂತ ನೀನು ಹೇಳಲೇ ಇಲ್ಲಲ್ಲೋ" ಅಂದರು. ಅವನು ಹೊಳೆ ನೋಡಿಕೊಂಡು ಬರ್ತೀವಿ ಎಂದಷ್ಟೇ ಹೇಳಿದ್ದನಂತೆ.

ಮತ್ತೆ ಒಪ್ಪಿಸಲು ಮೂರು ಸಂಜೆ ಹಿಡಿಯಿತು. ಕೊನೆಗೆ ಆಕೆ ನನ್ನನ್ನೇ ನೋಡುತ್ತಾ, "ಹೆಂಗೆ ಕರ್ಕೊಂಡ್ ಹೋಗ್ತೀಯೋ ಹಂಗೇ ತಂದು ಈ ಬಾಗಿಲಾಗೆ ನಿಲ್ಸಬೇಕು ನೋಡು ತಮ್ಮಾ" ಅಂದರು. ಮಾತು ಕೊಟ್ಟೆ. ಕೊಡುವಾಗ ಹಗುರವಾಗಿತ್ತು, ಮೆಟ್ಟಿಲಿಳಿಯುವಾಗ ಭಾರವಾಯಿತು.

ಪಾಠ ಕಲಿತೆ. ಮುಂದಿನ ಮನೆಯಲ್ಲಿ ಎಡಗಡೆಯನ್ನು ಮುಚ್ಚಿಟ್ಟು ಪರಿಹಾರಗಳನ್ನಷ್ಟೇ ಓದಿದೆ. ಹೆಲ್ಮೆಟ್, ಹಗ್ಗ, ವಿಷಲ್, ಟಿಂಚರ್, ಬ್ಯಾಂಡೇಜು, ಸ್ಟ್ರೆಚರಿಗೆ ಎರಡು ಬಿದಿರು. ಆ ಮನೆಯ ಯಜಮಾನರು ಕಣ್ಣುಮುಚ್ಚಿ ಪೂರ್ತಿ ಕೇಳಿ, ಸೊಸೆಯನ್ನು ಕರೆದು, ಯುದ್ಧ ಯಾವಾಗ ಶುರುವಾಯಿತು, ಪೇಪರಿನಲ್ಲಿ ಬಂದೇ ಇಲ್ಲವಲ್ಲ ಎಂದು ಕೇಳಿದರು.

ತೇಲುವ ಅಂಗಿ

ಲಾರಿ ಟ್ಯೂಬುಗಳು ಮಾಗಡಿ ರಸ್ತೆಯಲ್ಲಿ ಸಿಕ್ಕವು. ತೇಲುವ ಅಂಗಿ ಎಲ್ಲಿ ಸಿಗಬೇಕು? ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಪಕ್ಕದ ಮನೆಯವರು, ಬೂರುಗದ ಹತ್ತಿ ತುಂಬಿಸಿ, ಅದು ಬೇಗ ನೀರು ಕುಡಿಯುವುದಿಲ್ಲ ಎಂದರು. ದಪ್ಪ ಬಟ್ಟೆಯಲ್ಲಿ ಒಂಬತ್ತು ಅಂಗಿ ಹೊಲಿಸಿ, ಗೋವಿಂದರಾಜನಗರದ ಹಾಸಿಗೆ ಅಂಗಡಿಯವರ ಹತ್ತಿರ ಕೊಟ್ಟು, ಬೂರುಗದ ಹತ್ತಿಯೇ ಆಗಬೇಕು ಎಂದು ಎರಡು ಸಲ ಹೇಳಿ ಬಂದೆ.

ಪರೀಕ್ಷೆಗೆ ಕಾರ್ಖಾನೆಯ ನೀರಿನ ತೊಟ್ಟಿ. ಕೂತರೆ ಕತ್ತಿನವರೆಗೆ ಬರುವ ನೀರು. ಯಾರು ಇಳಿಯುತ್ತೀರಿ ಎಂದಾಗ ಕಾರ್ಯದರ್ಶಿಯೇ ಮುಂದೆ ಬಂದ. ಕಾರ್ಮಿಕರ ಪರವಾಗಿ ಯಾವುದಕ್ಕಾದರೂ ಮೊದಲು ಇಳಿಯುವವನು ಅವನೇ. ಅಂಗಿ ತೊಟ್ಟು ಕೂತ. ಒಂದು ನಿಮಿಷ ಚೆನ್ನಾಗಿತ್ತು. ಆಮೇಲೆ ಏಳು ಎಂದರೆ ಏಳಲಾರ. ಅಂಗಿ ತೊಟ್ಟಿಯ ಅರ್ಧ ನೀರು ಕುಡಿದು ಕಲ್ಲುಗುಂಡಿನಂತೆ ಅವನನ್ನು ಹಿಡಿದು ಕೂರಿಸಿತ್ತು. ಕತ್ತಿನ ಮೇಲಷ್ಟೇ ಕಾಣುತ್ತಿದ್ದ ಮನುಷ್ಯನನ್ನು ಏಳು ಜನ ಸೇರಿ ಎಳೆದುಹಾಕಬೇಕಾಯಿತು.

ಆ ಒದ್ದೆ ಅಂಗಿಯ ಜೊತೆಗೆ ಉಳಿದ ಎಂಟನ್ನೂ ಹೊತ್ತುಕೊಂಡು ಅಂಗಡಿಗೆ ಹೋದೆ. ಹಾಸಿಗೆಯವರು ಬೇಸರಪಟ್ಟುಕೊಂಡರು. ಬೂರುಗದ್ದು ಬೇಗ ಗಂಟುಕಟ್ಟುತ್ತದೆ, ದೊಡ್ಡವರು ಹಾಕಿಕೊಳ್ಳುವ ಅಂಗಿ ಎಂದು ತಾವಾಗಿಯೇ ಒಳ್ಳೇ ಹತ್ತಿ ತುಂಬಿದ್ದರಂತೆ. ನಾನು ಕೂಗಾಡಿದೆ. ಅವರು ಒದ್ದೆ ಅಂಗಿಯನ್ನು ಹಿಂಡಿ, ಮೂಸಿ ನೋಡಿ, "ಬಿಸ್ಲಲ್ಲಿ ಒಣಗಿಸ್ತೀನಿ ಬಿಡಿ ಸಾರ್. ಆದ್ರೆ ಯಾವ್ ಮಗೂನೂ ಇನ್ಮೇಲೆ ಪಕ್ಕದಲ್ಲಿ ಮಲಗೋಕೆ ಬಿಡ್ಬೇಡಿ" ಅಂದರು.

ಕೆಂಗೇರಿಯ ಬಾವಿ

ಎಂಟರಲ್ಲಿ ಏಳು ಜನಕ್ಕೆ ಈಜು ಬರುತ್ತಿರಲಿಲ್ಲ. ಕೆಂಗೇರಿಯ ಹತ್ತಿರ ತೋಟ ಇಟ್ಟುಕೊಂಡಿದ್ದ ಗೌಡರೊಬ್ಬರ ಬಾವಿಯಲ್ಲಿ ಮೂರು ಭಾನುವಾರ ಪಾಠ ಆಯಿತು. ಬೆನ್ನಿಗೊಂದು ಒಣಗಿದ ಸೋರೆಬುರುಡೆ ಕಟ್ಟುವುದು, ತಳ್ಳುವುದು. ಅವರ ಪಾಠದಲ್ಲಿ ಇಷ್ಟೇ. ನಾನು ಬಾವಿಕಟ್ಟೆಯ ಮೇಲೆ ವಿಷಲ್ ಕಚ್ಚಿಕೊಂಡು ನಿಂತಿರುತ್ತಿದ್ದೆ. ಒಂದು ಸಲ ಊದಿದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು, ಎರಡು ಸಲ ಊದಿದರೆ ದಡಕ್ಕೆ ಬರಬೇಕು ಎಂದು ನಿಯಮ ಮಾಡಿದ್ದೆ.

ಮೂರನೆಯ ಭಾನುವಾರ ಗೌಡರು, ಸಾಹೇಬರು ಇಳಿಯುವುದು ಯಾವಾಗ ಎಂದು ಕೇಳಿದರು. ಮೇಲಿನಿಂದ ಎಲ್ಲರನ್ನೂ ನೋಡಿಕೊಳ್ಳುವವನು ಒಬ್ಬ ಬೇಕಲ್ಲ ಎಂದೆ. "ಹೊಳೇಲೂ ಮೇಲೇ ನಿಂತಿರ್ತೀರಾ ಸ್ವಾಮಿ?" ಅಂದರು. ನಾನು ಜೇಬಿನಿಂದ ಪಟ್ಟಿ ತೆಗೆದು ಹುಡುಕತೊಡಗಿದೆ. ಅವರು ಮರ್ಯಾದೆಯಿಂದ ನನಗೆ ಎರಡು ಬುರುಡೆ ಕಟ್ಟಿ, ಒಂದೇ ಕೈಯಲ್ಲಿ ತಳ್ಳಿದರು.

ಮುಳುಗಿ ಮೇಲೆ ಬಂದಾಗಲೂ ವಿಷಲ್ ಬಾಯಲ್ಲೇ ಇತ್ತು. ಅಮ್ಮಾ ಎಂದು ಕೂಗಹೋದೆ, ಉದ್ದವಾಗಿ ಒಂದು ಪೀಪಿ ಹೊರಟಿತು. ಎಂಟೂ ಜನ ನಿಯಮದಂತೆ ಇದ್ದಲ್ಲೇ ನಿಂತು, ನಾನು ಬಡಿದಾಡುವುದನ್ನು ಬಹಳ ಶಿಸ್ತಿನಿಂದ ನೋಡಿದರು.

ಹೊಳೆಯಲ್ಲಿ

ಮಳೆ ನಿಂತು ನೀರು ಇಳಿದ ಮೇಲೆ ಕೊಡಗಿನ ಕಡೆಯ ಒಂದು ಹೊಳೆಗೆ ಹೋದೆವು. ಹಿಂದಿನ ದಿನವೇ ಮೀನು ಹಿಡಿಯುವ ಒಬ್ಬರನ್ನು ಜೊತೆಗೆ ಕರೆದುಕೊಂಡು ದಡದುದ್ದಕ್ಕೂ ನಡೆದು ನೋಡಿದೆ. ನೊರೆಯೆಬ್ಬಿಸಿ ಇಳಿಯುವ ಜಾಗ ಮೂರು. ಮೂರನೆಯದರಲ್ಲಿ ಮಧ್ಯಕ್ಕೆ ಒಂದು ಬಂಡೆ. ಎಡಕ್ಕೆ ಹುಟ್ಟು ಹಾಕಿದರೆ ಸರಾಗ, ಹಾಕದಿದ್ದರೆ ಬಂಡೆಯೇ ಗತಿ ಎಂದರು. ಬರೆದುಕೊಂಡೆ.

ಬೆಳಗ್ಗೆ ಎಂಟು ಟ್ಯೂಬು ಸೇರಿಸಿ ಬಿದಿರು ಕಟ್ಟಿದ ತೆಪ್ಪ ಇಳಿಸಿದೆವು. ಎಲ್ಲರಿಗೂ ಕಾರ್ಖಾನೆಯ ಹೆಲ್ಮೆಟ್, ಈ ಸಲ ನಿಜವಾಗಿ ಬೂರುಗದ ಹತ್ತಿಯ ಅಂಗಿ. ಮಧ್ಯದಲ್ಲಿ ಬುತ್ತಿಯ ಡಬ್ಬಿ ಕಟ್ಟಿತ್ತು, ಹಿಂದೆ ನಾನು. ಮೊದಲ ಇಳಿಜಾರು ಒಂದೇ ಉಸಿರಿಗೆ ದಾಟಿತು. ಎರಡನೆಯದರಲ್ಲಿ ನೆನೆದು ತೊಪ್ಪೆಯಾಗಿ ಎಲ್ಲರೂ ನಗುತ್ತಿದ್ದೆವು. ನನಗೆ ಹಿಡಿಸಲಾರದಷ್ಟು ಸಂತೋಷ. ಪತ್ರಿಕೆಯ ಚಿತ್ರದವರು ನಮ್ಮ ಮುಂದೆ ಏನೂ ಇಲ್ಲ ಅನ್ನಿಸಿತು.

ಮೂರನೆಯ ಇಳಿಜಾರಿಗೆ ತೆಪ್ಪ ಬಾಗಿತು. ಎಡಕ್ಕೆ ಎಂದು ಕೂಗಿದೆ. ಅದೇ ಕ್ಷಣಕ್ಕೆ ದಡದಾಚೆಯ ಕಾಫಿ ತೋಟದಲ್ಲಿ, ಆಳುಗಳನ್ನು ಊಟಕ್ಕೆ ಬಿಡುವ ಸೈರನ್ ಮೊಳಗಿತು.

ಎಂಟೂ ಜನ ಒಟ್ಟಿಗೆ ಹುಟ್ಟು ಕೆಳಗಿಟ್ಟರು. ಒಬ್ಬ ಕೈ ಒರೆಸಿಕೊಂಡ. ಇನ್ನೊಬ್ಬ ಡಬ್ಬಿಯ ಗಂಟು ಬಿಚ್ಚತೊಡಗಿದ. ಅವರ ತಪ್ಪೇನಿಲ್ಲ. ಸೈರನ್ ಆದ ಮೇಲೆ ಕೈ ಹಿಂದಕ್ಕೆ ತೆಗೆಯಬೇಕು, ಏನನ್ನೂ ಮುಟ್ಟಬಾರದು ಎಂದು ಆರು ವರ್ಷ ಅವರ ತಲೆಗೆ ತುಂಬಿದವನು ನಾನೇ. ತೆಪ್ಪ ಅಡ್ಡ ತಿರುಗಿ ನೇರ ಬಂಡೆಯ ಕಡೆ ಹೊರಟಿತು. ವಿಷಲ್ ಊದಿದೆ, ಬೈದೆ, ಬೇಡಿಕೊಂಡೆ. ವಿಜಯನಗರದ ಆ ತಾಯಿಯ ಮುಖ ಕಣ್ಣಮುಂದೆ ಬಂದು, ನನಗೆ ಅಲ್ಲಿಯವರೆಗೆ ಆಗದಷ್ಟು ಹೆದರಿಕೆಯಾಯಿತು. ಆ ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಒಂದೇ ಮಾತು.

"ಓವರ್‌ಟೈಮ್ ಕಣ್ರೋ."

ಏಳು ಹುಟ್ಟುಗಳು ಒಂದೇ ಸಲಕ್ಕೆ ನೀರಿಗೆ ಬಿದ್ದವು. ಎಂಟನೆಯದು ಏಳಲಿಲ್ಲ. ಮುಂದೆ ಕೂತಿದ್ದ ಕಾರ್ಯದರ್ಶಿ, ಮುಖದ ಮೇಲೆ ನೀರು ಸುರಿಯುತ್ತಿದ್ದರೂ ನಿಧಾನವಾಗಿ ಹಿಂದಕ್ಕೆ ತಿರುಗಿ, "ಬರ್ದು ಕೊಡ್ತೀರಾ ಸಾರ್?" ಅಂದ. ಕೊಡುತ್ತೇನೆ ಎಂದು ಅವನ ತಾಯಿಯ ಮೇಲೆ ಆಣೆ ಇಟ್ಟೆ. ಆಮೇಲೆ ಅವನು ಹಾಕಿದ ಹುಟ್ಟಿಗೆ ತೆಪ್ಪ ಬಂಡೆಯಿಂದ ಒಂದು ಮೊಳ ದೂರದಲ್ಲಿ ಜಾರಿ, ಕೆಳಗಿನ ತಿಳಿನೀರಿಗೆ ಬಂದು ನಿಂತಿತು.

ಮರುದಿನ ಅವನನ್ನು ಒಂದು ಗೀರೂ ಇಲ್ಲದ ಹಾಗೆ ಕರೆದುಕೊಂಡು ಹೋಗಿ ಅದೇ ಬಾಗಿಲಲ್ಲಿ ನಿಲ್ಲಿಸಿದೆ. ಆಕೆ ಮಗನ ತಲೆ, ಕೈ, ಬೆನ್ನು ಎಲ್ಲ ಮುಟ್ಟಿ ನೋಡಿದರು. ಕಣ್ಣು ತುಂಬಿತ್ತು. ಎದೆಯ ಮೇಲಿನ ಭಾರ ಇಳಿದು, ಇನ್ನೇನು ಕಾಫಿ ಬರುತ್ತದೆ ಎಂದು ನಾನು ಚಪ್ಪಲಿ ಬಿಟ್ಟೆ. ಏನೂ ತೊಂದರೆ ಆಗಲಿಲ್ಲ ತಾನೇ ಎಂದು ಆಕೆ ಕೇಳಿದರು.

"ಏನಿಲ್ಲವ್ವಾ," ಅಂದ ಮಗ. "ಊಟದ ಹೊತ್ನಾಗೂ ಬಿಡ್ದಂಗೆ ಕೆಲ್ಸ ಮಾಡಿಸಿದ್ರು, ಅಷ್ಟೇ."